ವೂಡೂ ಮತ್ತು ಬೆಳ್ಳಿತೆರೆ: ಒಂದು ಭಯದ ಚರಿತ್ರೆ

2005ರಲ್ಲಿ ತೆರೆಕಂಡ 'ವೆನಮ್' ಎಂಬ ಅಮೆರಿಕದ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ನೋಡದಿದ್ದರೆ ದೊಡ್ಡ ನಷ್ಟವೇನೂ ಇಲ್ಲ. ಹರೆಯದ ಹುಡುಗ ಹುಡುಗಿಯರ ಗುಂಪೊಂದನ್ನು ಕೊಲೆಗಾರನೊಬ್ಬ ಬೆನ್ನಟ್ಟಿ ಒಬ್ಬೊಬ್ಬರನ್ನಾಗಿ ಮುಗಿಸುತ್ತ ಹೋಗುವ ಚಿತ್ರಗಳಿಗೆ ಅಲ್ಲಿ 'ಸ್ಲ್ಯಾಷರ್' ಎಂದು ಹೆಸರು. 'ವೆನಮ್' ಆ ಜಾತಿಯದು. ನಿರ್ದೇಶಕ ಜಿಮ್ ಗಿಲೆಸ್ಪಿ 1997ರಲ್ಲೇ ಇಂಥದ್ದೊಂದು ಚಿತ್ರ ಮಾಡಿ ಹೆಸರು ಗಳಿಸಿದ್ದವರು. ಕತೆ ನಡೆಯುವುದು ಲೂಸಿಯಾನದ ಜೌಗು ನಾಡಿನಲ್ಲಿ. ವೂಡೂ ವಿದ್ಯೆ ಬಲ್ಲ ಮುದುಕಿಯೊಬ್ಬಳು ಪಾಪಿಗಳ ಆತ್ಮದಿಂದ ಕೆಟ್ಟದ್ದನ್ನು ಹಿಂಡಿ ತೆಗೆದು ಹಾವುಗಳೊಳಗೆ ಸೇರಿಸಿ ಪೆಟ್ಟಿಗೆಯಲ್ಲಿ ಹೂತಿಟ್ಟಿರುತ್ತಾಳೆ. ಪೆಟ್ಟಿಗೆ ಹೊರಬರುತ್ತದೆ, ಸೇತುವೆಯ ಮೇಲೆ ಅಪಘಾತವಾಗುತ್ತದೆ, ಸಹಾಯಕ್ಕೆ ಬಂದ ಟ್ರಕ್ ಚಾಲಕನನ್ನು ಹಾವುಗಳು ಕಚ್ಚಿ ಕೊಲ್ಲುತ್ತವೆ. ಅವನು ಹೆಣವಾಗಿ ಎದ್ದು ಬರುತ್ತಾನೆ. ಮುಂದಿನದನ್ನು ನೀವೇ ಊಹಿಸಬಲ್ಲಿರಿ.

ಈ ಚಿತ್ರದ ಗುಣದೋಷಗಳ ವಿಮರ್ಶೆ ನನ್ನ ಉದ್ದೇಶವಲ್ಲ. ಅದರೊಳಗಿನ ಹಾವು, ಹೆಣ, ಮುದುಕಿ ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ನಾವು ಚಿತ್ರಮಂದಿರದಲ್ಲಿ ನಿಲ್ಲುವುದಿಲ್ಲ, ಕಬ್ಬಿನ ಗದ್ದೆಗೆ ಹೋಗಿ ನಿಲ್ಲುತ್ತೇವೆ.

ಕೆರಿಬಿಯನ್ ಸಮುದ್ರದ ಹೈಟಿ ದೇಶ ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರ ವಸಾಹತು. ಆಗ ಅದರ ಹೆಸರು ಸ್ಯಾನ್ ಡೊಮಿಂಗ್. ಯುರೋಪು ಚಹಾಕ್ಕೆ, ಕಾಫಿಗೆ ಬೆರೆಸಿ ಕುಡಿಯುತ್ತಿದ್ದ ಸಕ್ಕರೆಯ ದೊಡ್ಡ ಪಾಲು ಇಲ್ಲಿಂದ ಹೋಗುತ್ತಿತ್ತು. 1789ರ ವೇಳೆಗೆ ಅಲ್ಲಿ ಐದು ಲಕ್ಷದ ಹತ್ತಿರ ಗುಲಾಮರಿದ್ದರು. ಅವರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿ ಹಡಗಿನಲ್ಲಿ ಬಂದವರು. ಕಬ್ಬು ಅರೆಯುವ ಕಾಲದಲ್ಲಿ ಗಾಣಗಳು ಹಗಲು ರಾತ್ರಿ ತಿರುಗುತ್ತಿದ್ದವು. ನಿದ್ದೆಗಣ್ಣಿನಲ್ಲಿ ಕೈ ಜಾರಿದರೆ ಕೈಯೇ ಹೋಗುತ್ತಿತ್ತು. ಸತ್ತವರ ಜಾಗಕ್ಕೆ ಹೊಸ ಹಡಗು ಬರುತ್ತಿತ್ತು.

1685ರ ಫ್ರೆಂಚ್ ಕಾಯಿದೆಯೊಂದರ ಪ್ರಕಾರ ಗುಲಾಮರೆಲ್ಲರಿಗೂ ಕ್ಯಾಥೊಲಿಕ್ ದೀಕ್ಷೆ ಕಡ್ಡಾಯ; ಬೇರೆ ಯಾವ ಧರ್ಮವನ್ನೂ ಬಹಿರಂಗವಾಗಿ ಆಚರಿಸುವಂತಿರಲಿಲ್ಲ. ಆದ್ದರಿಂದ ಅವರು ತಮ್ಮ ದೈವಗಳನ್ನು ಸಂತರ ಪಟಗಳ ಹಿಂದೆ ಇಟ್ಟುಕೊಂಡರು. ಫಾನ್, ಕಾಂಗೊ, ಯೊರುಬಾ ಜನರ ನಂಬಿಕೆಗಳು ಕ್ಯಾಥೊಲಿಕ್ ಆಚರಣೆಯೊಡನೆ ಬೆರೆತು ಆದದ್ದೇ ವೂಡೂ. 'ಲ್ವಾ' ಎಂಬ ದೈವಗಳು ಭಕ್ತರ ಮೈಮೇಲೆ ಬರುತ್ತವೆ. ಮೈದುಂಬಿದವನನ್ನು ಅಲ್ಲಿ ದೈವದ 'ಕುದುರೆ' ಎನ್ನುತ್ತಾರೆ. ದಾಂಬಾಲಾ ಎಂಬ ದೈವದ ರೂಪ ಹಾವು. ಅದರ ಬಣ್ಣ ಬಿಳಿ, ನೈವೇದ್ಯ ಮೊಟ್ಟೆ, ಗುಣ ಶಾಂತಿ. ಹಾವುಗಳ ನಡುವೆ ನಿಂತ ಸೇಂಟ್ ಪ್ಯಾಟ್ರಿಕ್‌ನ ಪಟವನ್ನು ಹೈಟಿಯವರು ದಾಂಬಾಲಾನೆಂದೇ ಪೂಜಿಸಿದರು. 'ವೆನಮ್' ಚಿತ್ರ ಪಾಪವನ್ನೆಲ್ಲ ತುಂಬಿಟ್ಟದ್ದು ಯಾವ ಪ್ರಾಣಿಯೊಳಗೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ. ಇನ್ನು ಸೂಜಿ ಚುಚ್ಚುವ ಗೊಂಬೆ! ಮೇಣದ ಗೊಂಬೆ ಮಾಡಿ ಶತ್ರುವನ್ನು ಬಾಧಿಸುವ ಮಾಟದ ಬಗ್ಗೆ ಮುಂದೆ ಇಂಗ್ಲೆಂಡಿನ ದೊರೆಯಾದ ಒಂದನೆಯ ಜೇಮ್ಸ್ 1597ರಲ್ಲೇ ಪುಸ್ತಕ ಬರೆದಿದ್ದ. ಯುರೋಪಿನ ಹಳೆಯ ಸರಕನ್ನು ಹೈಟಿಯ ಹೆಸರಿನಲ್ಲಿ ಮಾರಿದ ಹಾಗಾಯಿತು.

ಈಗ ಎದ್ದು ಬರುವ ಹೆಣದ ವಿಷಯ. ಸತ್ತ ಮೇಲೆ ಆತ್ಮ ಸಮುದ್ರ ದಾಟಿ ಪೂರ್ವಜರ ನಾಡಾದ 'ಗಿನೆ'ಗೆ, ಅಂದರೆ ಆಫ್ರಿಕಾಕ್ಕೆ, ಮರಳುತ್ತದೆ ಎಂಬುದು ಗುಲಾಮರ ನಂಬಿಕೆಯಾಗಿತ್ತು. ಅವರಿಗಿದ್ದ ಬಿಡುಗಡೆ ಅದೊಂದೇ. ಆ ದಾರಿಯನ್ನೂ ಕಟ್ಟಿಹಾಕಿ, ಹೆಣವನ್ನು ಎಬ್ಬಿಸಿ, ಮತ್ತೆ ಗದ್ದೆಗೆ ದುಡಿಯಲು ಕಳಿಸಿದರೆ? ಅದೇ ಜೋಂಬಿ. ಅದಕ್ಕೆ ಹೆಸರಿಲ್ಲ, ನೆನಪಿಲ್ಲ, ಕೂಲಿಯಿಲ್ಲ. ಬಾಯಿಗೆ ಉಪ್ಪು ಬಿದ್ದರೆ ಮಾತ್ರ ತಾನು ಸತ್ತಿದ್ದೇನೆಂದು ಅರಿವಾಗಿ ಸಮಾಧಿಗೆ ಓಡುತ್ತದೆ ಎನ್ನುತ್ತಾರೆ. ಹೈಟಿಯವನಿಗೆ ಜೋಂಬಿ ತನ್ನನ್ನು ಕಚ್ಚೀತೆಂಬ ಭಯವಿರಲಿಲ್ಲ. ತಾನೇ ಜೋಂಬಿಯಾಗಿಬಿಟ್ಟೇನು ಎಂಬುದು ಅವನ ಭಯ. ಈ ವ್ಯತ್ಯಾಸ ಚಿಕ್ಕದಲ್ಲ.

1791ರ ಆಗಸ್ಟ್‌ನಲ್ಲಿ ಬ್ವಾ ಕೈಮನ್ ಎಂಬ ಕಾಡಿನಲ್ಲಿ ಬೂಕ್ಮನ್ ಎಂಬಾತನ ಮುಂದಾಳ್ತನದಲ್ಲಿ ವೂಡೂ ಪೂಜೆ ನಡೆಸಿ ಗುಲಾಮರು ದಂಗೆಯೆದ್ದರೆಂದು ಹೈಟಿಯ ಜನ ಇಂದಿಗೂ ಸ್ಮರಿಸುತ್ತಾರೆ. ಹದಿಮೂರು ವರ್ಷಗಳ ಹೋರಾಟದಲ್ಲಿ ನೆಪೋಲಿಯನ್ ಕಳಿಸಿದ ಸೈನ್ಯವೂ ಸೋತು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಗುಲಾಮರೇ ಗೆದ್ದು ಕಟ್ಟಿದ ರಾಷ್ಟ್ರ! ನೆರೆಯ ಅಮೆರಿಕದ ತೋಟದ ಮಾಲೀಕರಿಗೆ ನಿದ್ದೆ ಹೇಗೆ ಬಂದೀತು? ಆ ಕ್ರಾಂತಿಯಿಂದ ಓಡಿಬಂದವರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ, ಮಾಲೀಕರು ಮತ್ತು ಗುಲಾಮರು ಸೇರಿ, 1809ರಲ್ಲಿ ಕ್ಯೂಬಾದ ಮೂಲಕ ನ್ಯೂ ಆರ್ಲಿಯನ್ಸ್ ತಲುಪಿದರು. ಲೂಸಿಯಾನದಲ್ಲಿ ಮೊದಲೇ ಇದ್ದ ವೂಡೂ ಇದರಿಂದ ಬಲಗೊಂಡಿತು. 'ವೆನಮ್' ಕತೆಗೆ ಆ ಜೌಗು ನಾಡೇ ಬೇಕಾದದ್ದು ಆಕಸ್ಮಿಕವಲ್ಲ.

ಆದರೆ ಜೋಂಬಿ ತೆರೆಗೆ ಬಂದದ್ದು ಬೇರೆ ದಾರಿಯಲ್ಲಿ. 1915ರಲ್ಲಿ ಅಮೆರಿಕದ ಸೈನ್ಯ ಹೈಟಿಯನ್ನು ಆಕ್ರಮಿಸಿತು. ಹೊರಟದ್ದು 1934ರಲ್ಲಿ. ರಸ್ತೆ ಹಾಕಲು ರೈತರನ್ನು ಬಲವಂತವಾಗಿ ಬಿಟ್ಟಿ ದುಡಿಸಿದ್ದಕ್ಕೆ ದಂಗೆಯಾಯಿತು. ನಾಯಕ ಶಾರ್ಲ್‌ಮಾನ್ ಪೆರಾಲ್ಟ್‌ನನ್ನು 1919ರಲ್ಲಿ ಕೊಂದರು. ಆ ಕಾಲದಲ್ಲಿ ಹೈಟಿಗೆ ಹೋದ ವಿಲಿಯಂ ಸೀಬ್ರೂಕ್ ಎಂಬ ಪತ್ರಕರ್ತ 1929ರಲ್ಲಿ 'ದಿ ಮ್ಯಾಜಿಕ್ ಐಲೆಂಡ್' ಪ್ರಕಟಿಸಿದ. ಅಮೆರಿಕನ್ ಸಕ್ಕರೆ ಕಂಪನಿಯ ಗದ್ದೆಯಲ್ಲಿ ಹೆಣಗಳು ದುಡಿಯುತ್ತಿದ್ದವೆಂಬ ಕತೆ ಅದರಲ್ಲಿದೆ. ತನಗೆ ತೋರಿಸಿದ 'ಜೋಂಬಿ'ಗಳು ಬುದ್ಧಿ ಮಂಕಾದ ಬಡ ಮನುಷ್ಯರಿರಬೇಕು, ಅವರನ್ನು ಹಿಡಿದು ದುಡಿಸುತ್ತಿರಬೇಕು ಎಂದೂ ಅವನು ಬರೆದಿದ್ದಾನೆ. ಆ ಮಾತು ಯಾರಿಗೂ ಬೇಕಾಗಲಿಲ್ಲ.

ಮೂರೇ ವರ್ಷಗಳಲ್ಲಿ, 1932ರಲ್ಲಿ, 'ವೈಟ್ ಜೋಂಬಿ' ಬಂತು. ಅದರಲ್ಲೊಂದು ದೃಶ್ಯವಿದೆ: ಜೋಂಬಿಗಳು ಸಕ್ಕರೆಯ ಗಾಣ ತಿರುಗಿಸುತ್ತಿವೆ, ಒಬ್ಬ ಯಂತ್ರದೊಳಕ್ಕೆ ಬೀಳುತ್ತಾನೆ, ಗಾಣ ನಿಲ್ಲುವುದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಸ್ಯಾನ್ ಡೊಮಿಂಗ್‌ನ ಚರಿತ್ರೆಯೆಲ್ಲ ಆ ಅರೆನಿಮಿಷದಲ್ಲಿದೆ. ಆದರೆ ಕ್ಯಾಮೆರಾ ಅಲ್ಲಿ ನಿಲ್ಲದೆ ಮುಂದೆ ಸರಿಯುತ್ತದೆ. ಚಿತ್ರದ ಚಿಂತೆಯೆಲ್ಲ ಬಿಳಿಯ ಮದುವಣಗಿತ್ತಿಯೊಬ್ಬಳು ಜೋಂಬಿಯಾದದ್ದರ ಬಗ್ಗೆ; ಹೆಸರೇ ಅದನ್ನು ಹೇಳುತ್ತದೆ. ಗುಲಾಮನ ಭಯವನ್ನು ತೆಗೆದುಕೊಂಡು, ಗುಲಾಮನ ಮೊಮ್ಮಕ್ಕಳ ಬಗ್ಗೆ ಹುಟ್ಟುವ ಭಯವನ್ನಾಗಿ ಮಾಡಲಾಯಿತು.

ಇದನ್ನು ಮಾಡುವುದು ಕಷ್ಟವಲ್ಲ. ಕಾರ್ಯಕ್ರಮ ತಯಾರಿಸುವ ಉದ್ಯೋಗದವನಾಗಿ ಹೇಳುತ್ತೇನೆ: ಕತ್ತಲೆಯ ದೃಶ್ಯ, ಒಂದು ಮುಖ, ಕೆಳಗೆ ಡೋಲಿನ ಸದ್ದು ಸಾಕು. ಹೊಸಬನಾಗಿದ್ದಾಗ ಹಳ್ಳಿಯ ರಾತ್ರಿ ಪೂಜೆಯೊಂದರ ಚಿತ್ರಣಕ್ಕೆ ನಾನೂ ಅಂಥ ಸದ್ದು ಸೇರಿಸಿದ್ದೆ. "ಅವರೇನು ಕಳ್ಳರೇನಯ್ಯಾ?" ಎಂದು ಹಿರಿಯರೊಬ್ಬರು ಕೇಳಿದ ಮೇಲೆ ತೆಗೆದುಹಾಕಿದೆ.

1968ರ ಹೊತ್ತಿಗೆ ಜಾರ್ಜ್ ರೊಮೆರೊ ಎದ್ದ ಹೆಣಗಳಿಗೆ ನರಮಾಂಸದ ಹಸಿವು ಕೊಟ್ಟ. ಹೈಟಿ ಕತೆಯಿಂದ ಕಳಚಿಬಿತ್ತು. 1988ರ 'ಚೈಲ್ಡ್ಸ್ ಪ್ಲೇ' ಚಿತ್ರದಲ್ಲಿ ಕೊಲೆಗಾರನೊಬ್ಬ ವೂಡೂ ಮಂತ್ರ ಹೇಳಿ ಗೊಂಬೆಯೊಳಗೆ ಸೇರಿಕೊಂಡ. 'ವೆನಮ್' ಈ ಸಾಲಿನ ಇನ್ನೊಂದು ಕೊಂಡಿ. ಅದರಲ್ಲಿ ಮುದುಕಿಯ ವಿದ್ಯೆಯೇ ಮನೆಯೊಳಗಿರುವ ಮಕ್ಕಳನ್ನು ಕಾಯುತ್ತದೆ, ಅಷ್ಟು ನ್ಯಾಯ ಉಂಟು. ಆದರೆ ಆ ವಿದ್ಯೆ ಬಲ್ಲ ಮೊಮ್ಮಗಳು, ಕಪ್ಪು ಹುಡುಗಿ, ಬದುಕುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು: ಜೋಂಬಿ ನಿಜವೇ? 1962ರಲ್ಲಿ ಆಸ್ಪತ್ರೆಯಲ್ಲಿ ಸತ್ತನೆಂದು ದಾಖಲಾಗಿದ್ದ ಕ್ಲೇರ್ವಿಯಸ್ ನಾರ್ಸಿಸ್ ತಾನೇ ಎಂದು ಒಬ್ಬ 1980ರಲ್ಲಿ ಊರಿಗೆ ಬಂದ. ಬೊಂಡೆ ಮೀನಿನ ವಿಷವಾದ ಟೆಟ್ರೊಡೊಟಾಕ್ಸಿನ್ ಬೆರೆಸಿದ ಪುಡಿಯಿಂದ ಹೀಗಾಗುತ್ತದೆ ಎಂದು ವೇಡ್ ಡೇವಿಸ್ 1985ರ ಪುಸ್ತಕದಲ್ಲಿ ವಾದಿಸಿದರು. ಆದರೆ ಅವರು ತಂದ ಪುಡಿಯ ಮಾದರಿಗಳನ್ನು ಪರೀಕ್ಷಿಸಿದ ಕಾವೊ ಮತ್ತು ಯಾಸುಮೊಟೊ ಎಂಬ ತಜ್ಞರಿಗೆ ಆ ವಿಷ ಪರಿಣಾಮ ಬೀರುವಷ್ಟು ಸಿಗಲಿಲ್ಲ. 1997ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆ ಮೂವರು 'ಜೋಂಬಿ'ಗಳ ತಪಾಸಣೆಯ ವರದಿ ಪ್ರಕಟಿಸಿತು. ಮೂವರೂ ಮಾನಸಿಕ ಅಥವಾ ಮಿದುಳಿನ ತೊಂದರೆಯಿದ್ದವರು. ಇಬ್ಬರ ಡಿಎನ್ಎ ಪರೀಕ್ಷೆ ಮಾಡಿದಾಗ, ಅವರನ್ನು ತಮ್ಮ ಸತ್ತ ಬಂಧು ಎಂದು ಗುರುತಿಸಿದ್ದವರಿಗೂ ಅವರಿಗೂ ರಕ್ತಸಂಬಂಧವಿರಲಿಲ್ಲ. ದಿಕ್ಕಿಲ್ಲದೆ ಅಲೆಯುತ್ತಿದ್ದವರನ್ನು ದುಃಖದಲ್ಲಿದ್ದವರು ತಮ್ಮವರೆಂದು ಗುರುತಿಸಿದ್ದರು.

ಹೈಟಿ ಸರ್ಕಾರ 2003ರಲ್ಲಿ ವೂಡೂವನ್ನು ಧರ್ಮವೆಂದು ಅಧಿಕೃತವಾಗಿ ಒಪ್ಪಿತು. 2010ರ ಜನವರಿಯಲ್ಲಿ ಭಾರಿ ಭೂಕಂಪ, ಅಕ್ಟೋಬರ್‌ನಲ್ಲಿ ಕಾಲರಾ. ವೂಡೂ ಪೂಜಾರಿಗಳು ಪುಡಿ ಎರಚಿ ರೋಗ ಹರಡುತ್ತಿದ್ದಾರೆಂಬ ವದಂತಿ ಹಬ್ಬಿ, ನಲವತ್ತಕ್ಕೂ ಹೆಚ್ಚು ಜನರನ್ನು ಗುಂಪುಗಳು ಕೊಂದವೆಂದು ಅಧಿಕಾರಿಗಳು ತಿಳಿಸಿದರು. ಕೊಂದವರೂ ಹೈಟಿಯವರೇ, ಸಿನಿಮಾಗಳೇ ಇದಕ್ಕೆ ಕಾರಣ ಎಂದರೆ ಅತಿಯಾದೀತು. ಆದರೆ ವಿಷದ ಪುಡಿಯ ಕತೆಯನ್ನು ಎಪ್ಪತ್ತು ವರ್ಷ ಮತ್ತೆ ಮತ್ತೆ ಹೇಳಿದವರು ಯಾರು ಎಂದು ಕೇಳದೆ ಇರಲಾಗುವುದಿಲ್ಲ. ರೋಗಾಣು ಬಂದದ್ದು ಪುಡಿಯಿಂದಲ್ಲ. ವಿಶ್ವಸಂಸ್ಥೆಯ ಶಾಂತಿಪಾಲಕ ಪಡೆಯ ಶಿಬಿರವೊಂದರ ಕೊಳಚೆ ನದಿಗೆ ಸೇರಿತ್ತು. ಆ ನೀರನ್ನು ಕುಡಿದ ಊರುಗಳಿಂದ ಹರಡಿದ ಕಾಲರಾಕ್ಕೆ ಮುಂದೆ ಸುಮಾರು 10,000 ಜನ ಬಲಿಯಾದರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ.