ಅಹವಾಲು ಕೇಳುವ ಕಿವಿ

ನಮ್ಮ ಅಜ್ಜ ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅಮಲ್ದಾರರ ಮೇಲಿನ ದೂರನ್ನು ಅಮಲ್ದಾರರ ಕಚೇರಿಗೇ ಸಲ್ಲಿಸಬೇಕಾಗಿ ಬಂದಾಗ ಅವರ ಲೇಖನಿ ಅರೆಗಳಿಗೆ ನಿಲ್ಲುತ್ತಿದ್ದುದು ನನಗಿನ್ನೂ ನೆನಪಿದೆ. ದೂರು ಕೇಳುವಾತ ಯಾರ ಅಂಕೆಯಲ್ಲಿರಬೇಕು? ಈ ಪ್ರಶ್ನೆ ಬಹಳ ಹಳೆಯದು.

ಪೊಲ್ಟಾವಾ ಕದನದಲ್ಲಿ ಸೋತು ತುರ್ಕರ ಆಶ್ರಯದಲ್ಲಿದ್ದ ಸ್ವೀಡನ್ನಿನ ಅರಸ ಹನ್ನೆರಡನೆಯ ಚಾರ್ಲ್ಸ್, ನಾಡಿನಲ್ಲಿದ್ದ ತನ್ನ ಅಧಿಕಾರಿಗಳ ಮೇಲೆ ಕಣ್ಣಿಡಲು 1713ರಲ್ಲಿ ಒಂಬುಡ್ಸ್‌ಮನ್ ಎಂಬ ಹುದ್ದೆಯನ್ನು ಸ್ಥಾಪಿಸಿದನು. ಆ ಕಣ್ಣು ದೊರೆಯದು. 1809ರಲ್ಲಿ ಅಲ್ಲಿ ದೊರೆಯೊಬ್ಬನು ಪದಚ್ಯುತನಾಗಿ ಹೊಸ ಸಂವಿಧಾನ ಬಂದಾಗ, ಸಂಸತ್ತು ತಾನೇ ಆರಿಸುವ ಬೇರೊಬ್ಬ ಒಂಬುಡ್ಸ್‌ಮನ್‌ನನ್ನು ಪಡೆಯಿತು. ಹಳೆಯ ಹುದ್ದೆಯೂ ಅಳಿಯಲಿಲ್ಲ. ಹೆಸರು ಬದಲಿಸಿಕೊಂಡು ಇಂದಿಗೂ ಸರ್ಕಾರದ ಪಕ್ಕದಲ್ಲಿದೆ.

ನಮ್ಮ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಪ್ರತಿನಿಧಿಗಳು ಕಷ್ಟಸುಖ ಅರಿಕೆಮಾಡಿಕೊಳ್ಳಬಹುದಿತ್ತು. ಶಾಸನ ಮಾಡುವ ಅಧಿಕಾರ ಮಾತ್ರ ಅವರಿಗಿರಲಿಲ್ಲ.

ಕರ್ನಾಟಕದ ಲೋಕಾಯುಕ್ತ ಸಂಸ್ಥೆ 1984ರ ಕಾಯಿದೆಯಿಂದ ಹುಟ್ಟಿತು. ಅದು ವಿಚಾರಿಸಬಲ್ಲುದು, ಶಿಫಾರಸು ಮಾಡಬಲ್ಲುದು, ತಾನೇ ಶಿಕ್ಷಿಸಲಾರದು. ಅದರ ಹಲ್ಲು ಇದ್ದದ್ದು ಪೊಲೀಸ್ ವಿಭಾಗದಲ್ಲಿ. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ಪ್ರಕರಣಗಳ ತನಿಖೆಯನ್ನು ಅದರಿಂದ ತೆಗೆದು, ತನ್ನ ಅಧೀನದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಒಪ್ಪಿಸಿತು. 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯ ಆ ದಳವನ್ನೇ ರದ್ದುಗೊಳಿಸಿ, ತನಿಖೆಯನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಅಜ್ಜನಿಗೆ ಸಿಗದ ವಿಳಾಸ ಇಂದು ನಮಗೆ ಸಿಕ್ಕಿದೆ. ಆದರೆ ಆ ಮನೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದನ್ನು ಅರ್ಜಿ ಬರೆಯುವ ಮುನ್ನ ನಾವು ವಿಚಾರಿಸುತ್ತಲೇ ಇರಬೇಕು.