ಮಹಲೂ ಮುದ್ದೆಯೂ

ಮೈಸೂರಿನ ಚೆಲುವಾಂಬ ಮಹಲನ್ನು ಕಂಡಾಗಲೆಲ್ಲ ನನಗೆ ರಾಗಿಮುದ್ದೆ ನೆನಪಾಗುತ್ತದೆ. ಅರಸುಮನೆತನದ ಆ ಸೌಧದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಬಡವರ ಧಾನ್ಯವೆನಿಸಿದ ರಾಗಿಯೂ ಅಲ್ಲಿ ಅಧ್ಯಯನದ ವಸ್ತುವಾಯಿತು. ನಮ್ಮ ಮನೆಯಲ್ಲಾದರೋ, ನೆಂಟರು ಬಂದರೆ ಮುದ್ದೆ ಮರೆಯಾಗಿ ಬಿಳಿಯ ಅನ್ನ ಎಲೆಗೆ ಬರುತ್ತಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ಮೆಗ್ನೀಸಿಯಂ ಸುಮಾರು 146 ಮಿಲಿಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಸುಮಾರು 19. ಹೃದಯದ ಸ್ನಾಯು ಕ್ಯಾಲ್ಸಿಯಂನಿಂದ ಬಿಗಿಯುತ್ತದೆ; ಆ ಬಿಗಿತವನ್ನು ಹದದಲ್ಲಿಟ್ಟು ಬಡಿತದ ಲಯ ಕಾಯಲು ಮೆಗ್ನೀಸಿಯಂ ಬೇಕು.

ಹಾಗೆಂದು ಅದು ಸಂಜೀವಿನಿಯಲ್ಲ. ಹೃದಯಾಘಾತವಾದವರ ರಕ್ತನಾಳಕ್ಕೆ ಅದನ್ನು ಹರಿಸಿದರೂ ಸಾವು ತಗ್ಗಲಿಲ್ಲವೆಂದು 58,050 ರೋಗಿಗಳನ್ನೊಳಗೊಂಡ ಪ್ರಯೋಗವೊಂದು 1995ರಲ್ಲಿ ತಿಳಿಸಿತು. ಎದೆನೋವಿಗೆ ವೈದ್ಯರೇ ಗತಿ. ನಿತ್ಯದ ಎದೆಬಡಿತದ ಮೇಲೆ ಮಾತ್ರ, ನಾವು ನಾಚಿ ಮರೆಮಾಡಿದ ಆ ಮುದ್ದೆಯ ಋಣವೂ ಇದೆ.