ಇಂಜೆಕ್ಷನ್ ಕೊಡಿಸಿದರೆ ಹಸು ಕರು ಹಾಕಲು ಒದ್ದಾಡುತ್ತದೆಯೇ? ತಪ್ಪು ಸೂಜಿಯದ್ದಲ್ಲ, ಹೋರಿಯ ಆಯ್ಕೆಯದ್ದು

ಹಸುವಿಗೆ ಇಂಜೆಕ್ಷನ್ ಕೊಡಿಸಿದರೆ (ಅಂದರೆ ಕೃತಕ ಗರ್ಭಧಾರಣೆ ಮಾಡಿಸಿದರೆ) ಕರು ವಿಪರೀತ ದಪ್ಪಗಾಗಿ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಹೋರಿಗೆ ಬಿಡುವುದೇ ಕ್ಷೇಮ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಚಾಮರಾಜಪೇಟೆ, ಬಸವನಗುಡಿಯ ಹಳೆಯ ಗಲ್ಲಿಗಳಲ್ಲಿ ಒಂದೆರಡು ಸೀಮೆಹಸು ಕಟ್ಟಿಕೊಂಡು ವರ್ತನೆ ಹಾಲು ಕೊಡುವ ಮನೆಗಳು ಇಂದಿಗೂ ಇವೆ. ಅಂಥ ಮನೆಯಲ್ಲಿ ಒಂದು ಹಸು ಹೋದರೆ ತಿಂಗಳ ಬಾಡಿಗೆಯೇ ಹೋದಂತೆ. ಹಾಗಾಗಿ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಕಾರಣ ಮಾತ್ರ ತಪ್ಪು.

ನಿಜವೇನು?

ಇಂಜೆಕ್ಷನ್ ಎಂದು ನಾವು ಕರೆಯುವುದು ಔಷಧಿಯಲ್ಲ, ಹೋರಿಯ ವೀರ್ಯ. ನಮ್ಮಲ್ಲಿ ಬಳಸುವ ಸ್ಟ್ರಾ ಎಂಬ ಸಣ್ಣ ಕೊಳವೆಯಲ್ಲಿ ಇರುವುದು ಸುಮಾರು ಕಾಲು ಮಿಲಿಲೀಟರ್. ಅದು ಒಳಗೆ ಹೋಗುವ ದಾರಿ ಬದಲಾದ ಮಾತ್ರಕ್ಕೆ ಕರು ದಪ್ಪಗಾಗುವುದಿಲ್ಲ. ಅದೇ ಹೋರಿ ನೇರವಾಗಿ ಹಾರಿದ್ದರೂ ಅಂಥದ್ದೇ ಕರು ಹುಟ್ಟುತ್ತಿತ್ತು. ವ್ಯತ್ಯಾಸ ಮಾಡುವುದು ಆ ವೀರ್ಯ ಯಾವ ಹೋರಿಯದ್ದು, ಯಾವ ಹಸುವಿಗೆ ಹಾಕಿದ್ದು ಎಂಬುದು.

ಎಚ್‌ಎಫ್ ಕರು ಹುಟ್ಟುವಾಗಲೇ ಸುಮಾರು 40 ಕೆಜಿ ತೂಗಬಹುದು. ಜರ್ಸಿ ಕರು ಸುಮಾರು 25 ಕೆಜಿ. ನಮ್ಮ ಮಲೆನಾಡು ಗಿಡ್ಡದ ಹಸು ಪೂರ್ತಿ ಬೆಳೆದರೂ ನೂರು ಕೆಜಿಯ ಆಸುಪಾಸು. ತಾಯಿಯ ಗರ್ಭಕೋಶ ಕರುವಿನ ಗಾತ್ರಕ್ಕೆ ಸ್ವಲ್ಪ ಕಡಿವಾಣ ಹಾಕುತ್ತದೆ, ನಿಜ. ಆದರೆ ಪೂರ್ತಿ ತಡೆಯಲಾರದು. ಸಣ್ಣ ಮೈಕಟ್ಟಿನ ಮಣಕಕ್ಕೆ ಮೊದಲ ಸಲವೇ ದೊಡ್ಡ ಎಚ್‌ಎಫ್ ಹೋರಿಯ ಸ್ಟ್ರಾ ಹಾಕಿಸಿದರೆ ಕಷ್ಟವನ್ನು ನಾವೇ ಕರೆದಂತೆ. ಹೀಗೆ ಒದ್ದಾಡಿದ ಹಸುವನ್ನು ಕಂಡವರು ‘ಇಂಜೆಕ್ಷನ್ನಿಂದ ಆಯಿತು’ ಎನ್ನುತ್ತಾರೆ. ಮಾತು ಅಲ್ಲಿಂದ ಬೆಳೆಯುತ್ತದೆ.

ಹೋರಿಯನ್ನು ನೋಡಿ ಹೇಳಬಹುದೇ?

ಬಸವನಗುಡಿಯ ದೊಡ್ಡ ಬಸವಣ್ಣ ಬೆಳೆಯುತ್ತಲೇ ಇದ್ದನಂತೆ, ಕೊನೆಗೆ ತಲೆಗೆ ಮೊಳೆ ಬಡಿದು ನಿಲ್ಲಿಸಿದರಂತೆ ಎಂದು ಕಥೆ ಹೇಳುತ್ತಾರೆ. ಹೋರಿ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಕೊಟ್ಟಿಗೆಯಲ್ಲೂ ಇದೆ. ಆದರೆ ಕಣ್ಣಳತೆ ಇಲ್ಲಿ ಸಾಲದು. ಒಂದೇ ತಳಿಯ, ಒಂದೇ ಎತ್ತರದ ಎರಡು ಹೋರಿಗಳಲ್ಲಿ ಒಂದರ ಕರುಗಳು ಸಲೀಸಾಗಿ ಹುಟ್ಟಬಹುದು, ಇನ್ನೊಂದರವು ಎಳೆದು ತೆಗೆಯಬೇಕಾಗಬಹುದು.

ಇದನ್ನು ತಿಳಿಯಲು ಇರುವ ದಾರಿ ದಾಖಲೆ ಒಂದೇ. ಅಮೆರಿಕದಲ್ಲಿ ಪ್ರತಿ ಕರುವಿನ ಹುಟ್ಟಿಗೂ 1ರಿಂದ 5ರವರೆಗೆ ಅಂಕ ಬರೆಯುತ್ತಾರೆ. 1 ಎಂದರೆ ತೊಂದರೆಯೇ ಇಲ್ಲ, 5 ಎಂದರೆ ಅತಿ ಕಷ್ಟ. ಒಂದು ಹೋರಿಯ ಕರುಗಳಿಂದ ಮಣಕಗಳಿಗೆ ನೂರಕ್ಕೆ ಎಷ್ಟು ಹೆರಿಗೆ ಕಷ್ಟವಾದೀತು ಎಂಬುದನ್ನು ಇದರಿಂದ ಲೆಕ್ಕ ಹಾಕುತ್ತಾರೆ. ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು.

ಇದರಲ್ಲೊಂದು ಸೂಕ್ಷ್ಮವಿದೆ. ಹೋರಿಯ ಕರು ಸುಲಭವಾಗಿ ಹುಟ್ಟುವುದು ಬೇರೆ, ಆ ಹೋರಿಯ ಹೆಣ್ಣುಕರು ದೊಡ್ಡದಾಗಿ ತಾನು ಸುಲಭವಾಗಿ ಕರು ಹಾಕುವುದು ಬೇರೆ. ಅತಿ ಸಣ್ಣ ಕರುಗಳನ್ನೇ ತಲೆಮಾರುಗಟ್ಟಲೆ ಆರಿಸುತ್ತಾ ಹೋದರೆ ಹೆಣ್ಣುಕರುಗಳ ಸೊಂಟವೂ ಕಿರಿದಾಗುವ ಅಪಾಯವಿದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಅಂಕಿಯಾಗಿ ಕೊಡುತ್ತಾರೆ.

ನಮ್ಮಲ್ಲಿ ಏನು ಮಾಡಬಹುದು?

ಬೆಂಗಳೂರಿನವರಿಗೆ ಹೆಪ್ಪುಗಟ್ಟಿಸಿದ ವೀರ್ಯ ಹೊಸದೇನಲ್ಲ. ಹೆಸರಘಟ್ಟದ ಕೇಂದ್ರ ಸರ್ಕಾರಿ ಸಂಸ್ಥೆ ಡೆನ್ಮಾರ್ಕ್ ನೆರವಿನಿಂದ 1969ರಲ್ಲೇ ಶುರುವಾದದ್ದು. ಪ್ರತಿ ಸ್ಟ್ರಾ ಮೇಲೆ ಹೋರಿಯ ನಂಬರು, ತಳಿ ಮುದ್ರಿಸಿರುತ್ತಾರೆ. ಸ್ಟ್ರಾ ಹಾಕುವವರನ್ನು ಕೇಳಿ ಅದನ್ನು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಹೋರಿಯ ಬಗ್ಗೆ ಹೆಚ್ಚಾಗಿ ಹೇಳುವುದು ಅದರ ತಾಯಿ ಎಷ್ಟು ಲೀಟರ್ ಹಾಲು ಕೊಟ್ಟಳು ಎಂಬ ಲೆಕ್ಕ. ಹಾಲಿನ ಲೆಕ್ಕದಿಂದ ಹೆರಿಗೆಯ ಸುಳಿವು ಸಿಗುವುದಿಲ್ಲ.

ಅಂಕಿ ಸಿಗದಿದ್ದರೆ, ಸಣ್ಣ ಮಣಕಕ್ಕೆ ಮೊದಲ ಸಲ ಜರ್ಸಿ ಅಥವಾ ಮಿಶ್ರತಳಿಯ ಹೋರಿ ಕೇಳಿ. ದೊಡ್ಡ ಎಚ್‌ಎಫ್ ಹೋರಿ ಬೇಕೆಂದಿದ್ದರೆ ಒಂದೆರಡು ಕರು ಹಾಕಿದ, ಮೈತುಂಬಿದ ಹಸುವಿಗೆ ಇಡಿ. ಹೆಣ್ಣುಕರುವಿಗೆಂದೇ ಬೇರ್ಪಡಿಸಿದ ವೀರ್ಯವೂ ಸ್ವಲ್ಪ ನೆರವಾಗುತ್ತದೆ, ಏಕೆಂದರೆ ಹೆಣ್ಣುಕರು ಗಂಡಿಗಿಂತ ಹಗುರ. ಮಣಕ ಬೆದೆಗೆ ಬಂದಿತೆಂದು ಅವಸರ ಬೇಡ. ವಯಸ್ಸಿಗಿಂತ ತೂಕ ನೋಡಿ. ಪೂರ್ತಿ ಬೆಳೆದ ಹಸುವಿನ ತೂಕದ ಶೇ 60ರಷ್ಟಾದರೂ ಆಗಿರಬೇಕು.

ಕರು ಸಣ್ಣದಾಗಲಿ ಎಂದು ಗಬ್ಬದ ಕೊನೆಯ ತಿಂಗಳುಗಳಲ್ಲಿ ಮೇವು ಕಡಿಮೆ ಮಾಡುವ ಸಲಹೆಯೂ ಓಡಾಡುತ್ತದೆ. ಅದನ್ನು ಫಾರ್ವರ್ಡ್ ಮಾಡಬೇಡಿ. ಸೊರಗಿದ ಹಸುವಿಗೆ ತಿಣುಕಲು ಶಕ್ತಿಯೇ ಇರುವುದಿಲ್ಲ. ಅತಿಯಾಗಿ ಕೊಬ್ಬಿದರೂ ತೊಂದರೆಯೇ.

ಎಲ್ಲ ತೊಂದರೆಯನ್ನೂ ಹೋರಿಯ ತಲೆಗೆ ಕಟ್ಟುವಂತಿಲ್ಲ. ಕರು ಅಡ್ಡ ತಿರುಗಿದ್ದರೆ ಹೋರಿ ಎಂಥದ್ದಾದರೂ ಕಷ್ಟವೇ. ಸಾಮಾನ್ಯವಾಗಿ ಮುಂಗಾಲೆರಡು, ಅವುಗಳ ಮೇಲೆ ಮೂತಿ ಮೊದಲು ಕಾಣಬೇಕು. ಒಂದೇ ಕಾಲು ಅಥವಾ ಬಾಲ ಕಂಡರೆ, ಇಲ್ಲವೇ ನೀರುಚೀಲ ಒಡೆದು ಎರಡು ಗಂಟೆಯಾದರೂ ಕರು ಮುಂದೆ ಬರದಿದ್ದರೆ, ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆಯಬೇಡಿ. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.